ದೊಡ್ಡ ಹೆಸರಿನ ಸಾರು

ನನ್ನ ಜೊತೆ ಇಪ್ಪತ್ತು ವರ್ಷ ಪಾಠ ಮಾಡಿದ ಮೇಷ್ಟ್ರೊಬ್ಬರು ಈಚೆಗೆ ಮನೆಗೆ ಬಂದಿದ್ದರು. ಅವರ ಮಗ ಫ್ರಾನ್ಸಿನಲ್ಲಿ ಕೆಲಸಕ್ಕಿದ್ದಾನೆ. ಕಾಫಿ ಕುಡಿಯುತ್ತ ಫೋನು ತೆಗೆದು ಒಂದು ಚಿತ್ರ ತೋರಿಸಿದರು. ಬಿಳಿ ತಟ್ಟೆ, ಕಂದು ಬಣ್ಣದ ಗಟ್ಟಿ ಸಾರು, ಅದರಲ್ಲಿ ಮಾಂಸದ ದಪ್ಪ ತುಂಡು, ಅಣಬೆ, ಸಣ್ಣ ಈರುಳ್ಳಿ. “ನಮ್ಮ ಹುಡುಗ ತಾನೇ ಮಾಡಿದ್ದು ಸಾರ್. ಬಫ್ ಬೂರ್ಗಿನ್ಯೋಂ ಅಂತ. ಮೂರು ತಾಸು ಬೇಯಿಸಬೇಕಂತೆ. ಫ್ರೆಂಚರ ದೊಡ್ಡ ಡಿಶ್” ಎಂದರು. ಮುಖದಲ್ಲಿ ಹೆಮ್ಮೆ ತುಂಬಿತ್ತು. ನನಗೂ ಸಂತೋಷವೇ ಆಯಿತು. ಹುಡುಗ ಒಲೆಯ ಮುಂದೆ ನಿಂತು ಬೇಯಿಸಿಕೊಂಡು ತಿನ್ನುವುದನ್ನು ಕಲಿತರೆ ಯಾರಿಗೆ ಸಂತೋಷವಾಗುವುದಿಲ್ಲ?

ಆದರೆ ಅವರು ಹೋದ ಮೇಲೆ ನನಗೆ 1986 ನೆನಪಾಯಿತು. ಆಗ ನಾನು ಬಳ್ಳಾರಿಗೆ ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು. ಊರು ಸಿರುಗುಪ್ಪ, ಕೇರಿ ಮಾದಿಗರ ಕೇರಿ. ಇದೇ ಮೇಷ್ಟ್ರ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತ್ತು. ಊರಿನಿಂದ ಅವ್ವ ಬಂದಳು, ಬರುವಾಗ ಗಂಟಿನಲ್ಲಿ ಒಣಗಿಸಿದ ಮಾಂಸ ತಂದಳು. ರಾತ್ರಿ ಸಾರು ಕುದಿಯಿತು. ಬೆಳಿಗ್ಗೆ ಮನೆಯ ಮಾಲೀಕರು ಬಾಗಿಲಿಗೆ ಬಂದು, “ವಾಸನಿ ಬರ್ತೈತಂತ ಬೀದಿಯವರು ಹೇಳ್ಯಾರ. ಈ ತಿಂಗಳ ಬಾಡಿಗಿ ಬ್ಯಾಡ, ಮನಿ ಖಾಲಿ ಮಾಡ್ರಿ” ಎಂದರು. ಬೀದಿಯವರು ಎಂದರೆ ಯಾರೆಂದು ನನಗೆ ಆಮೇಲೆ ತಿಳಿಯಿತು. ಮೊನ್ನೆ ಕಾಫಿ ಕುಡಿದವರೇ. ಅವರ ಮೇಲೆ ನನಗೆ ಹಗೆಯಿಲ್ಲ. ಇಪ್ಪತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತವರು ನಾವು. ಆದರೆ ಒಂದು ಪ್ರಶ್ನೆಯನ್ನಂತೂ ಕೇಳಲೇಬೇಕು. ಫ್ರೆಂಚ್ ಭಾಷೆಯಲ್ಲಿ ‘ಬಫ್’ ಎಂದರೆ ಎತ್ತು, ದನ. ‘ಬೂರ್ಗಿನ್ಯೋಂ’ ಎಂದರೆ ಬರ್ಗಂಡಿ ಸೀಮೆಯದು. ಎರಡೂ ಸೇರಿಸಿ ಕನ್ನಡ ಮಾಡಿದರೆ ಬರ್ಗಂಡಿ ಸೀಮೆಯ ದನದ ಸಾರು. ನನ್ನ ಅವ್ವ ಮಾಡಿದ್ದು ಸಿರುಗುಪ್ಪ ಸೀಮೆಯ ದನದ ಸಾರು. ಒಂದು ಹೆಮ್ಮೆಯ ಚಿತ್ರವಾಯಿತು, ಇನ್ನೊಂದು ಮನೆ ಬಿಡಿಸಿತು. ಪಾತ್ರೆಯೊಳಗಿನ ಪದಾರ್ಥದಲ್ಲಿ ಇದಕ್ಕೆ ಕಾರಣ ಸಿಗುವುದಿಲ್ಲ ಎಂದಾದರೆ, ಕಾರಣ ಎಲ್ಲಿದೆ?

ಪದಾರ್ಥದಲ್ಲಿ ಕಾರಣವಿಲ್ಲ ಎಂಬುದನ್ನು ನಾನು ಮಾಡಿ ನೋಡಿಯೇ ಹೇಳುತ್ತಿದ್ದೇನೆ. ಮೇಷ್ಟ್ರು ಹೋದ ಮರುವಾರ ನನ್ನ ಮಗಳು ರಜೆಗೆ ಬಂದಿದ್ದಳು. “ನಾವೂ ಮಾಡಾಣ ಬಾರಪ್ಪ” ಎಂದಳು. ನಾನು ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನದ ಜೊತೆ ಪೌರನೀತಿಯನ್ನೂ ಹೇಳಿದವನು, ಕಾನೂನು ಮೀರುವವನಲ್ಲ. ಕಾನೂನು ಬಿಟ್ಟುಕೊಟ್ಟಿರುವುದು ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ. ಅದನ್ನೇ ತಂದೆವು. ಮೊಣಕಾಲಿನ ಕೆಳಗಿನ, ನಾರು ತುಂಬಿದ ಮಾಂಸ, ಒಂದೂವರೆ ಕಿಲೋ. ಮುದಿ ಎಮ್ಮೆಯ ಕಾಲು ಎಂದರೆ ಹಲ್ಲಿಗೆ ಪರೀಕ್ಷೆ. ಆದರೆ ಈ ಅಡಿಗೆ ಹುಟ್ಟಿದ್ದೇ ಅಂಥ ಮಾಂಸಕ್ಕಾಗಿ. ಎಳೆಯ ಮಾಂಸ ಉಳ್ಳವರ ಪಾಲು. ನೇಗಿಲು ಎಳೆದು ಗಟ್ಟಿಯಾದದ್ದು ಬಡ ಒಕ್ಕಲಿನ ಪಾಲು. ಫ್ರಾನ್ಸಿನಲ್ಲೂ ಹಾಗೆಯೇ. ಎಸ್ಕಾಫಿಯೆ ಎಂಬ ಹೆಸರಾಂತ ಅಡಿಗೆಯವನು 1903ರಲ್ಲಿ ಅದನ್ನು ತನ್ನ ದೊಡ್ಡ ಪುಸ್ತಕಕ್ಕೆ ಸೇರಿಸಿಕೊಂಡ ಮೇಲೆ ಅದು ಹೋಟೆಲಿನ ಮೇಜಿನ ಮರ್ಯಾದೆ ಪಡೆಯಿತು.

ಮಾಡುವ ಕ್ರಮ ಹೀಗೆ. ಮಾಂಸವನ್ನು ಎರಡೆರಡು ಅಂಗುಲದ ತುಂಡು ಮಾಡಿ ಬಟ್ಟೆಯಿಂದ ಒರೆಸಿ ತೇವ ತೆಗೆಯಬೇಕು. ತೇವವಿದ್ದರೆ ಅದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ ನಾಲ್ಕೈದು ತುಂಡಿನಂತೆ ಹಾಕಿ, ಎಲ್ಲ ಮಗ್ಗುಲೂ ಕಂದು ಬಣ್ಣಕ್ಕೆ ಬರುವ ತನಕ ಹುರಿಯಬೇಕು. ಹೀಗೆ ಹುರಿದರೆ ಒಳಗಿನ ರಸ ಸೀಲಾಗುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಲೀಬಿಗ್ ಎಂಬ ಜರ್ಮನ್ ರಸಾಯನ ಶಾಸ್ತ್ರಜ್ಞ ಹೇಳಿದ್ದ. ಅದು ತಪ್ಪು, ರಸ ಹೊರಗೆ ಬಂದೇ ಬರುತ್ತದೆ. ಹುರಿಯುವುದು ರುಚಿಗೆ. ಸಸಾರಜನಕವೂ ಸಕ್ಕರೆಯೂ ಶಾಖದಲ್ಲಿ ಕೂಡಿ ಆ ಬಣ್ಣ ಮತ್ತು ಘಮ ಹುಟ್ಟುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಮಯಾರ್ ಒಬ್ಬ ಫ್ರೆಂಚನೇ. ನಮ್ಮ ರೊಟ್ಟಿಯ ಮೇಲಿನ ಕಂದು ಚುಕ್ಕೆಯೂ ಇದೇ ಕ್ರಿಯೆ.

ಆಮೇಲೆ ಈರುಳ್ಳಿ, ಗಜ್ಜರಿ, ಬೆಳ್ಳುಳ್ಳಿ. ಒಂದು ಚಮಚ ಹಿಟ್ಟು. ಅಲ್ಲಿ ಕೆಂಪು ವೈನು ಹೊಯ್ಯುತ್ತಾರೆ. ನಮ್ಮ ಮನೆಯಲ್ಲಿ ಅದಿಲ್ಲ, ಟೊಮೆಟೊ ಹಾಕಿದೆವು. ಎಂಬತ್ತೈದು ದಾಟಿದ ಅವ್ವ ಪಕ್ಕದಲ್ಲೇ ಕೂತಿದ್ದವಳು ತಡೆಯಲಾರದೆ ಒಂದಿಷ್ಟು ಹುಣಿಸೆಹುಳಿಯನ್ನೂ ಹಿಂಡಿದಳು. ಮುಳುಗುವಷ್ಟು ನೀರು, ಒಂದು ಪಲಾವ್ ಎಲೆ, ಉಪ್ಪು, ಮುಚ್ಚಳ. ಇನ್ನು ಉರಿ ಸಣ್ಣದಿರಬೇಕು. ಇದೇ ಈ ಅಡಿಗೆಯ ಗುಟ್ಟು. ದುಡಿದ ಕಾಲಿನ ಮಾಂಸದಲ್ಲಿ ನಾರನ್ನು ಬಿಗಿದು ಹಿಡಿಯುವ ಕೊಲಾಜನ್ ಹೆಚ್ಚು. ಧಗಧಗ ಕುದಿಸಿದರೆ ನಾರು ಹಿಂಡಿಕೊಂಡು ಒಣಗುತ್ತದೆ. ಸಣ್ಣ ಉರಿಯಲ್ಲಿ ಮೂರು ನಾಲ್ಕು ತಾಸು ಬಿಟ್ಟರೆ ಕೊಲಾಜನ್ ಕರಗಿ ಜೆಲಟಿನ್ ಆಗುತ್ತದೆ, ಮಾಂಸ ಮೆತ್ತಗಾಗುತ್ತದೆ, ಸಾರು ತುಟಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಕೊನೆಯ ಅರ್ಧ ತಾಸಿಗೆ ಅಣಬೆ, ಸಣ್ಣ ಈರುಳ್ಳಿ.

ಸಿರುಗುಪ್ಪದ ಅಕ್ಕಿಯ ಅನ್ನ, ಜೋಳದ ರೊಟ್ಟಿ ಇಟ್ಟುಕೊಂಡು ಉಣ್ಣಲು ಕೂತೆವು. ಅವ್ವ ಒಂದು ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಇದರಾಗ ಹೊಸಾದು ಏನೈತಪ್ಪಾ? ನಾನು ರಾತ್ರಿ ಕುಳ್ಳಿನ ಬೆಂಕಿ ಮ್ಯಾಲ ಗಡಿಗಿ ಇಟ್ಟು ಮಲಗ್ತಿದ್ದಿಲ್ಲೇನು? ಖಾರ ಕಮ್ಮಿ ಆಗೈತಷ್ಟ” ಎಂದಳು. ಸೆಗಣಿಯ ಕುಳ್ಳು ಉರಿಯದೆ ಸಣ್ಣಗೆ ಬೇಗುದಿಯುತ್ತದೆ, ಬೆಳಗಿನ ತನಕ ಶಾಖ ಬಿಡುವುದಿಲ್ಲ. ಬಳ್ಳಾರಿಯ ಮುಸಲ್ಮಾನರ ನಹಾರಿ ರಾತ್ರಿಯಿಡೀ ಬೇಯುವುದೂ ಇದೇ ಲೆಕ್ಕದಲ್ಲಿ. ಅವ್ವನಿಗೆ ಮಯಾರ್ ಗೊತ್ತಿಲ್ಲ, ಎಸ್ಕಾಫಿಯೆ ಗೊತ್ತಿಲ್ಲ. ಗಟ್ಟಿ ಮಾಂಸ, ಬಡತನ, ಸಣ್ಣ ಉರಿ ಮೂರೂ ಗೊತ್ತಿತ್ತು. ಬರ್ಗಂಡಿಯ ರೈತನ ಹೆಂಡತಿಗೂ ಗೊತ್ತಿದ್ದದ್ದು ಅಷ್ಟೇ.

“ಫ್ರಾನ್ಸು ಬೇರೆ ಸಾರ್, ಇದು ಬಸವಣ್ಣನನ್ನು ಪೂಜಿಸುವ ನೆಲ” ಎನ್ನುತ್ತಾರೆ. ಒಪ್ಪೋಣ, ನೆಲವನ್ನೇ ಕೇಳೋಣ. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬೂದಿದಿಬ್ಬವಿದೆ. ಹಂಪಿಯ ಬಳಿ ನಿಂಬಾಪುರದ ಬೂದಿಯನ್ನು ವಾಲಿಯ ಚಿತೆ ಎಂದು ಜನ ಹೇಳುತ್ತಾರೆ. ಅಗೆದು ಪರೀಕ್ಷಿಸಿದವರು ಕಂಡದ್ದು ಬೇರೆ: ಅವು ಸಾವಿರಾರು ವರ್ಷದ ಹಿಂದಿನ ದನದ ದೊಡ್ಡಿಗಳಲ್ಲಿ ಸುಟ್ಟ ಸೆಗಣಿಯ ರಾಶಿಗಳು. ಆಲ್ಚಿನ್ ಎಂಬ ವಿದ್ವಾಂಸ 1963ರಲ್ಲಿ ಬರೆದ ಪುಸ್ತಕಕ್ಕೆ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳು ಎಂಬರ್ಥದ ಹೆಸರನ್ನೇ ಇಟ್ಟ. ನಮ್ಮ ಸಂಗನಕಲ್ಲು, ನಮ್ಮ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಆ ಜನರ ಊರುಗಳೇ. ಸುರಪುರ ಸೀಮೆಯ ಬೂದಿಹಾಳದಲ್ಲಿ ದನವನ್ನು ಕಡಿದು ಹಂಚಿಕೊಂಡ ನೆಲಗಟ್ಟೇ ಅಗೆತದಲ್ಲಿ ಸಿಕ್ಕಿತು. ದನ ಸಾಕಿದವರೂ ಅವರೇ, ಅದರ ಸೆಗಣಿಯನ್ನು ಗುಡ್ಡ ಮಾಡಿದವರೂ ಅವರೇ, ಅದನ್ನು ಉಂಡವರೂ ಅವರೇ. ಹಳೆಯದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಇದು ಹೊರಗಿನಿಂದ ಬಂದ ಚಟ ಎಂಬ ಸುಳ್ಳನ್ನು ಮಾತ್ರ ಬಿಡಿ ಎನ್ನುತ್ತಿದ್ದೇನೆ.

ಕುರುಗೋಡಿನ ದೊಡ್ಡಬಸವೇಶ್ವರನಿಗೆ ನಾನೂ ಕೈ ಮುಗಿದವನು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಆ ಏಕಶಿಲೆಯ ಬಸವನನ್ನು ನೋಡಿದ್ದೇನೆ. ಅಪ್ಪ ಕಪಿಲೆ ಬಾವಿಗೆ ತೊಗಲಿನ ಬಾನಿ ಹೊಲಿಯುತ್ತಿದ್ದ, ಎತ್ತಿನ ಕೊರಳಿಗೆ ಪಟ್ಟಿ, ಬಾರುಕೋಲಿಗೆ ಬಾರು, ನೇಗಿಲಿಗೆ ಮಿಣಿ ಮಾಡುತ್ತಿದ್ದ. ಒಕ್ಕಲಿಗನ ಎತ್ತು ಸತ್ತರೆ ಒಕ್ಕಲಿಗನೇ ಅಪ್ಪನಿಗೆ ಹೇಳಿ ಕಳಿಸುತ್ತಿದ್ದ. ಎತ್ತು ಬದುಕಿರುವ ತನಕ ದೇವರು, ಸತ್ತ ಗಳಿಗೆಯಿಂದ ಮಾದಿಗರದು. ತೊಗಲು ಊರಿಗೆ ಬೇಕು, ಜಾತ್ರೆಯ ತಮಟೆಗೆ ಬೇಕು. ಮಾಂಸ ತಿಂದವನು ಮಾತ್ರ ಹೊಲಸು. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಶರಣರೆಂದು ನೆನೆಯುವ ನಾಡಿನಲ್ಲಿ ಈ ಲೆಕ್ಕ ಹೇಗೆ ಕೂಡುತ್ತದೆ, ಬಲ್ಲವರು ಹೇಳಬೇಕು.

ನಮ್ಮವರೇ ಕೆಲವರು ಇನ್ನೊಂದು ಮಾತು ಎತ್ತುತ್ತಾರೆ: “ಬಾಬಾಸಾಹೇಬರೇ ಬಿಡಿ ಎಂದಿದ್ದಾರಲ್ಲ?” ಹೌದು, 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ಅಂಬೇಡ್ಕರ್ ಕರೆ ಕೊಟ್ಟರು. ಊರು ಎಸೆದದ್ದನ್ನು ಆಯ್ದು ತಿನ್ನುವ ದೈನ್ಯವನ್ನು ಬಿಡಿ ಎಂದರು. ಅದೇ ಅಂಬೇಡ್ಕರ್ 1948ರ ತಮ್ಮ ಪುಸ್ತಕದಲ್ಲಿ, ಉಳಿದವರು ದನದ ಮಾಂಸ ಬಿಟ್ಟ ಮೇಲೆ ಬಿಡದೆ ಉಳಿದವರನ್ನು ಅಸ್ಪೃಶ್ಯರನ್ನಾಗಿ ಮಾಡಲಾಯಿತು ಎಂದು ವಾದಿಸಿದರು. ಎರಡನ್ನೂ ಕೂಡಿಸಿ ಓದಬೇಕು. ಎಸೆದದ್ದನ್ನು ಎತ್ತಿಕೊಳ್ಳುವುದು ಬೇರೆ, ದುಡಿದ ದುಡ್ಡಿನಲ್ಲಿ ಕೊಂಡು ಮನೆಯಲ್ಲಿ ಬೇಯಿಸಿಕೊಳ್ಳುವುದು ಬೇರೆ. ನಾಚಿಕೆ ಪಡಬೇಕಾದವನು ಎಸೆದವನು.

ಇನ್ನು ಕಾನೂನು. 1964ರ ರಾಜ್ಯದ ಕಾಯಿದೆ ಹಸು ಕರುಗಳ ವಧೆಯನ್ನು ನಿಷೇಧಿಸಿ, ಹನ್ನೆರಡು ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಹೋರಿ, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಇಟ್ಟಿತ್ತು. 1958ರಲ್ಲಿ ಸುಪ್ರೀಂ ಕೋರ್ಟು ಕೂಡ, ದುಡಿಯಲಾರದ ಎತ್ತು ಹೋರಿಗಳ ಮೇಲೆ ಪೂರ್ತಿ ನಿಷೇಧ ಸರಿಯಲ್ಲ ಎಂದಿತ್ತು. 2005ರಲ್ಲಿ ಅದೇ ಕೋರ್ಟು ಗುಜರಾತಿನ ಮೊಕದ್ದಮೆಯಲ್ಲಿ ಆ ಮಾತನ್ನು ಬದಲಿಸಿತು. 2021ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಹೊಸ ಕಾಯಿದೆ ಎತ್ತು ಹೋರಿಗಳನ್ನೂ ಯಾವ ವಯಸ್ಸಿಗೂ ಕಡಿಯಬಾರದು ಎಂದಿತು. ತಪ್ಪಿದವರಿಗೆ ಮೂರರಿಂದ ಏಳು ವರ್ಷ ಜೈಲು, ಐವತ್ತು ಸಾವಿರದಿಂದ ಐದು ಲಕ್ಷ ದಂಡ.

ಸಿರುಗುಪ್ಪದ ರೈತನ ಹಟ್ಟಿಗೆ ಹೋಗಿ ನೋಡಿ. ತುಂಗಭದ್ರೆಯ ಕಾಲುವೆ ಬಂತು, ಭತ್ತ ಬಂತು, ಆಮೇಲೆ ಟ್ರಾಕ್ಟರು ಬಂತು. ಕಪಿಲೆ ಹೋಗಿ ಪಂಪುಸೆಟ್ಟು ಬಂದಾಗ ನನ್ನ ಅಪ್ಪನ ಕಸುಬು ಹೋಯಿತು. ಟ್ರಾಕ್ಟರು ಬಂದಾಗ ಎತ್ತಿನ ಕಸುಬು ಹೋಯಿತು. ಹಾಲಿನ ಹಸು ಗಂಡು ಕರು ಹಾಕಿದರೆ ಅದನ್ನು ಏನು ಮಾಡಬೇಕು? ಕಾಲು ಬಿದ್ದ ಎತ್ತಿಗೆ ದಿನಾ ಮೇವು ಹಾಕುವವರು ಯಾರು? ಹಿಂದೆ ಸಂತೆಯಲ್ಲಿ ಮಾರಿದ ಮುದಿ ಎತ್ತಿನ ದುಡ್ಡು ಎಳೆಯ ಜೋಡಿಗೆ ಮುಂಗಡವಾಗುತ್ತಿತ್ತು. ಆ ಬಾಗಿಲು ಮುಚ್ಚಿದ ಮೇಲೆ ಸಾಕುವುದೇ ಬೇಡ ಎನ್ನುವ ರೈತನನ್ನು ದೂರಲಾರೆ. ಗೋವಿನ ಮೇಲೆ ಭಾಷಣ ಮಾಡುವ ಮಹಾಶಯರು ಎಷ್ಟು ಮುದಿ ಎತ್ತುಗಳನ್ನು ತಮ್ಮ ಕಾರು ನಿಲ್ಲಿಸುವ ಜಾಗದಲ್ಲಿ ಕಟ್ಟಿಕೊಂಡಿದ್ದಾರೆ?

ತಿನ್ನದವರಿಗೆ ತಿನ್ನಿ ಎಂದು ನಾನು ಯಾವತ್ತೂ ಹೇಳಿಲ್ಲ. ನನ್ನ ಸೊಸೆ ತಿನ್ನುವುದಿಲ್ಲ. ಅವಳಿಗೆ ಬೇರೆ ಪಾತ್ರೆ, ಬೇರೆ ಒಲೆ ಇದೆ, ಮನೆ ಮುರಿದಿಲ್ಲ. ಒಂದು ಮನೆಯಲ್ಲಿ ಆಗುವುದು ಒಂದು ಬೀದಿಯಲ್ಲಿ ಆಗದೇ? ಪ್ರಾಣಿದಯೆಯಿಂದ ಎಲ್ಲ ಮಾಂಸವನ್ನೂ ಬಿಟ್ಟವರ ಮುಂದೆ ನಾನು ತಲೆ ಬಾಗುತ್ತೇನೆ. ಕುರಿ ಕೋಳಿ ಚಪ್ಪರಿಸಿ ದನದ ಮಾತು ಬಂದಾಗ ಮಾತ್ರ ದಯೆ ಉಕ್ಕಿಸುವವರ ಜೊತೆ ನನ್ನ ಜಗಳ.

ಬಳ್ಳಾರಿ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆ ಎಂದು ತಡವಾಗಿ ಕಂಡ ಹೈದರಾಲಿ ಅವನನ್ನು ಗಲ್ಲಿಗೆ ಹಾಕಿಸಿದನಂತೆ. ಈಗ ಕಾಲ ತಿರುಗಿದೆ, ಫ್ರೆಂಚರ ಸಾರಿಗೆ ಸನ್ಮಾನ. ಆಗಲಿ. ನಾನು ಕೇಳುವುದು ಸಣ್ಣದು. ಮೇಷ್ಟ್ರ ಮಗ ನಾಳೆ ಊರಿಗೆ ಬಂದು ಅದೇ ಸಾರು ತನ್ನ ಅಪ್ಪನ ಮನೆಯಲ್ಲಿ ಕುದಿಸಲಿ, ಬೀದಿಗೆ ವಾಸನೆ ಹರಡಲಿ. ಅವನನ್ನು ಯಾರೂ ಮನೆ ಬಿಡು ಎನ್ನಬಾರದು. ಹಾಗೆಯೇ, ಸಿರುಗುಪ್ಪದ ಕೇರಿಯಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿ ಬಳ್ಳಾರಿಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ, ಮಾಲೀಕರು ಬಾಡಿಗೆ ಎಷ್ಟು, ನೀರು ಯಾವಾಗ ಬರುತ್ತದೆ ಎಂದು ಹೇಳಲಿ. “ನೀವು ಏನು ತಿಂತೀರಿ?” ಎಂದು ಕೇಳದಿರಲಿ. 1986ರಲ್ಲಿ ನನ್ನ ಅವ್ವ ಅರ್ಧ ಬೆಂದ ಸಾರಿನ ಗಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದಳು. ಇನ್ನೊಬ್ಬಳ ಅವ್ವ ಹಾಗೆ ಬಸ್ಸು ಹತ್ತಬಾರದು.