ದುಡ್ಡು ಕೈಗೆ ಬರುವ ಮೊದಲೇ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕ್ರೈಸ್ತ ಬಂಧುಗಳಲ್ಲಿ, ಅವರ ನೆರೆಹೊರೆಯ ಎಲ್ಲರಲ್ಲೂ ಒಂದು ಮನವಿ.

ಚನ್ನಗಿರಿಯಲ್ಲಿ ಅಡಿಕೆ, ಜಗಳೂರಿನಲ್ಲಿ ಮೆಕ್ಕೆಜೋಳ. ಬೆಳೆ ಬೇರೆಯಾದರೂ ದುಡ್ಡು ಬರುವ ರೀತಿ ಒಂದೇ: ತಿಂಗಳುಗಟ್ಟಲೆ ಬರಿಗೈ, ಆಮೇಲೆ ಒಂದು ದಿನ ಕೈತುಂಬ. ಆ ದಿನ ಮನೆ ಸೇರುವಷ್ಟರಲ್ಲಿ ಅದರಲ್ಲಿ ಎಷ್ಟು ಕರಗಿತೆಂಬುದು ಹೆಂಡತಿ ಮಕ್ಕಳಿಗೆ ಗೊತ್ತು. ಸಾರಾಯಿ, ಬ್ರಾಂದಿಯ ಕಥೆ ಹಳೆಯದು. ಈಗ ಜೇಬಿನ ಮೊಬೈಲೇ ಇಸ್ಪೀಟಿನ ಅಡ್ಡೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿತು, ಸರಿ. 2013ರಲ್ಲಿ ರಾಜ್ಯ ಸರ್ಕಾರ ಗುಟ್ಕಾವನ್ನೂ ನಿಷೇಧಿಸಿತ್ತು. ಆದರೆ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು ಬಾಯಲ್ಲಿ ಒಂದಾದವು. (ಅಡಿಕೆಯಿಂದಲೇ ಬದುಕುವ ನಮಗೆ ಈ ಮಾತು ಇರುಸುಮುರುಸೇ, ಆದರೂ ಹೇಳಬೇಕು.)

ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಹೋಗಿ ‘ಇನ್ನು ಮುಟ್ಟೋದಿಲ್ಲ’ ಎಂದು ಹರಕೆ ಹೊತ್ತು ಬರುವವರಿದ್ದಾರೆ. ತಪಸ್ಸುಕಾಲದ ನಲವತ್ತು ದಿನ ಬಿಟ್ಟು, ಈಸ್ಟರ್ ದಿನವೇ ಬಾಕಿ ತೀರಿಸುವವರೂ ಇದ್ದಾರೆ. ಅವರ ಭಕ್ತಿಯನ್ನು ನಾನು ಅನುಮಾನಿಸಲಾರೆ. ಆಸೆ ಎದುರಿಗೆ ಬಂದಾಗ ಮನಸ್ಸು ಗಟ್ಟಿ ಮಾಡಿಕೊಂಡರಾಯಿತು ಎಂದು ನಂಬುತ್ತೇವಲ್ಲ, ಎಡವುವುದು ಅಲ್ಲೇ. ಬೈಬಲಿನ ಕಥೆಯಲ್ಲಿ ಒಡೆಯ ಪೋಟೀಫರನ ಹೆಂಡತಿ ಬಟ್ಟೆ ಹಿಡಿದೆಳೆದ ಗಳಿಗೆಯಲ್ಲಿ ಯೋಸೇಫ ವಾದಕ್ಕೆ ನಿಲ್ಲದೆ, ಬಟ್ಟೆಯನ್ನೇ ಬಿಟ್ಟು ಓಡಿದ. ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಸಂಯಮವನ್ನು ಪವಿತ್ರಾತ್ಮರ ಫಲವೆಂದಿದ್ದಾರೆ. ಫಲವೆಂದ ಮೇಲೆ ಅಡಿಕೆ ಸಸಿ ನೆಟ್ಟವರಿಗೆ ಬಿಡಿಸಿ ಹೇಳಬೇಕೆ? ಮೊದಲ ಗೊನೆ ಕಾಣುವ ತನಕ ವರ್ಷಗಟ್ಟಲೆ ನೀರು, ಗೊಬ್ಬರ, ಬೇಲಿ.

ಆದ್ದರಿಂದ ಬೇಡುವುದಿಷ್ಟು. ಫಸಲಿನ ಹಣ ನೇರ ಬ್ಯಾಂಕಿಗೆ ಬೀಳಲಿ. ಆಗದಿದ್ದರೆ ಮನೆಯಾಕೆಯನ್ನು ಜೊತೆಗೆ ಕರೆದುಕೊಂಡು ಹೋಗಿ ತನ್ನಿ. ಆಟದ ಆ್ಯಪ್ ಇವತ್ತೇ ಅಳಿಸಿ. ಬಿಡಲು ಹೆಣಗುತ್ತಿರುವವನ ಮುಂದೆ ‘ಒಂದೇ ಒಂದು ಪೆಗ್ಗು ಕಣೋ’ ಎನ್ನುವ ಗೆಳೆಯರೇ, ದಯವಿಟ್ಟು ಸುಮ್ಮನಿರಿ. ಅವನು ಬಿದ್ದರೆ ಅದರಲ್ಲಿ ನಿಮ್ಮ ಪಾಲೂ ಇದೆ. ಬೆಳಗೆದ್ದರೆ ಕೈ ನಡುಗುವಷ್ಟು ಕುಡಿತಕ್ಕೆ ಒಗ್ಗಿದವರು ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಬೇಕು, ಅಂಥವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಯಾರಲ್ಲಿ ಹೇಳಿಕೊಳ್ಳುವುದೆಂದು ತೋಚದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೇಳುವುದಿಲ್ಲ.