ನಮ್ಮ ಸುತ್ತಮುತ್ತ: ಪಟೌಡಿಯ ಬಿಳಿ ಅರಮನೆ



ದೆಹಲಿಯಲ್ಲೇ ಹುಟ್ಟಿ ಬೆಳೆದ ನಿಮಗೆ ಕನಾಟ್ ಪ್ಲೇಸಿನ ಬಿಳಿ ಕಂಬಸಾಲು ಹೊಸದೇನಲ್ಲ. ಅದನ್ನು ರೂಪಿಸಿದ ರಾಬರ್ಟ್ ಟೋರ್ ರಸೆಲ್ ಅವರೇ ಗುರುಗ್ರಾಮ ಜಿಲ್ಲೆಯ ಪಟೌಡಿಯಲ್ಲಿ ಒಂದು ಅರಮನೆಯನ್ನೂ ವಿನ್ಯಾಸಗೊಳಿಸಿದರೆಂಬುದು ನಿಮಗೆ ಗೊತ್ತೆ?

ಪಟೌಡಿ 1804ರಲ್ಲಿ ಹುಟ್ಟಿದ ಪುಟ್ಟ ಸಂಸ್ಥಾನ. ಅದರ ನವಾಬ, ಕ್ರಿಕೆಟಿಗ ಇಫ್ತಿಕಾರ್ ಅಲಿ ಖಾನ್ 1935ರಲ್ಲಿ ಈ ಮನೆ ಕಟ್ಟಿಸಿದರು. ಆಸ್ಟ್ರಿಯಾದ ಕಾರ್ಲ್ ಮಾಲ್ಟೆ ವಾನ್ ಹೈಂಜ್ ರಸೆಲ್ಲರಿಗೆ ನೆರವಾದರು. ನಮ್ಮ ಮೈಸೂರು ಅರಮನೆಯ ಗುಮ್ಮಟ ಗೋಪುರಗಳ ವೈಭವ ಇಲ್ಲಿಲ್ಲ. ಬಿಳಿಯ ಗೋಡೆ, ಕಂಬಗಳ ಜಗಲಿ, ವಿಶಾಲವಾದ ಹುಲ್ಲುಹಾಸು, ಎದುರಿಗೊಂದು ಕಾರಂಜಿ. ಹೊಸದಿಲ್ಲಿಯ ಬಂಗಲೆಯೊಂದನ್ನು ಹಿಗ್ಗಿಸಿ ಹಳ್ಳಿಯ ನಡುವೆ ಇಟ್ಟಂತೆ.

ಒಳಗೆ ರತ್ನಗಂಬಳಿಗಳು ಬಹಳ. ಕಾರಣವನ್ನು ನವಾಬರ ಮೊಮ್ಮಗಳು ಸೋಹಾ ಅಲಿ ಖಾನ್ ಹೇಳಿದ್ದಾರೆ: ಕಟ್ಟಿಸುವಾಗ ಅಜ್ಜನ ಕೈಯಲ್ಲಿ ದುಡ್ಡು ಮುಗಿಯಿತಂತೆ, ಎಷ್ಟೋ ಕಂಬಳಿಗಳ ಕೆಳಗಿರುವುದು ಅಮೃತಶಿಲೆಯಲ್ಲ, ಬರೀ ಸಿಮೆಂಟು! ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನವಾಬರಿಗೂ ತಪ್ಪಲಿಲ್ಲ ನೋಡಿ.

1952ರಲ್ಲಿ ಇಫ್ತಿಕಾರ್ ತೀರಿಕೊಂಡಾಗ ಮಗ ಮನ್ಸೂರ್‌ಗೆ ಹನ್ನೊಂದೇ ವರ್ಷ. ಮುಂದೆ 21ನೇ ವಯಸ್ಸಿಗೇ ಭಾರತ ತಂಡದ ನಾಯಕರಾದ 'ಟೈಗರ್' ಪಟೌಡಿ ಇವರೇ. ನಮಗೂ ಇವರಿಗೂ ನಂಟುಂಟು. ಬಿ.ಎಸ್. ಚಂದ್ರಶೇಖರ್ 1964ರಲ್ಲಿ, ಜಿ.ಆರ್. ವಿಶ್ವನಾಥ್ 1969ರಲ್ಲಿ ಮೊದಲ ಟೆಸ್ಟ್ ಆಡಿದ್ದು ಇವರ ನಾಯಕತ್ವದಲ್ಲಿ. 1968ರಲ್ಲಿ ನ್ಯೂಜಿಲೆಂಡಿನಲ್ಲಿ ಭಾರತ ಹೊರನಾಡಿನ ಮೊದಲ ಸರಣಿ ಗೆದ್ದಾಗ ಇ.ಎ.ಎಸ್. ಪ್ರಸನ್ನ 24 ವಿಕೆಟ್ ಕಿತ್ತರು. ಕನ್ನಡದ ಹುಡುಗರ ಮೇಲೆ ಪಟೌಡಿಯ ನವಾಬರು ಇಟ್ಟ ಭರವಸೆ ಸುಳ್ಳಾಗಲಿಲ್ಲ.

1971ರ ಸಂವಿಧಾನ ತಿದ್ದುಪಡಿಯಿಂದ ರಾಜಧನವೂ ಬಿರುದೂ ಹೋದವು. ಮನೆ ಮಾತ್ರ ನಿಂತಿತು. ಅದು ನಿಂತದ್ದು ಬಿರುದಿನ ಬಲದಿಂದಲ್ಲ, ಬಳಕೆಯಿಂದ. 2005ರಿಂದ 2014ರವರೆಗೆ ಅದು ಹೋಟೆಲಾಗಿ ನಡೆಯಿತು. ಸಿನಿಮಾ ಚಿತ್ರೀಕರಣಕ್ಕೂ ಒದಗಿತು. ಬಳಿಕ ಮತ್ತೆ ಕುಟುಂಬದ ಕೈಸೇರಿತು. 2011ರಲ್ಲಿ ತೀರಿಕೊಂಡ ಮನ್ಸೂರ್ ಪಟೌಡಿಯ ಮಣ್ಣಿನಲ್ಲೇ ಮಲಗಿದ್ದಾರೆ.

ಅದು ಖಾಸಗಿ ಮನೆ; ನೀವು ಸುಮ್ಮನೆ ಹೋಗಿ ಬಾಗಿಲು ತಟ್ಟುವಂತಿಲ್ಲ. ಆದರೆ ಅದು ಹೇಳುವ ಮಾತು ಕೇಳಿಸಿಕೊಳ್ಳಬಹುದು. ಹಿರಿಯರಿಂದ ಬಂದದ್ದನ್ನು ಬೀಗ ಹಾಕಿಟ್ಟರೆ ಗೆದ್ದಲು ಹಿಡಿಯುತ್ತದೆ. ದಿನವೂ ಬಳಸಿದರೆ ಬಾಳುತ್ತದೆ. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವ ಮುನ್ನ ಇದನ್ನೊಮ್ಮೆ ನೆನೆಯಿರಿ.