ಅಂತರಾಗ್ನಿ – ದ ರಘು ದೀಕ್ಷಿತ್ ಪ್ರಾಜೆಕ್ಟ್

ಅಂತರಾಗ್ನಿ – ದ ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬುದು ಗಾಯಕ ಹಾಗೂ ಗೀತರಚನಕಾರ ರಘು ದೀಕ್ಷಿತ್ ಅವರ ಮೊದಲ ಸ್ಟುಡಿಯೋ ಆಲ್ಬಮ್. ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ಇದನ್ನು 2008ರಲ್ಲಿ ಹೊರತಂದರು. ಕನ್ನಡ, ಹಿಂದಿ ಮತ್ತು ಇಂಗ್ಲಿಷ್ ಹಾಡುಗಳು ಇದರಲ್ಲಿ ಒಟ್ಟಿಗೆ ಸೇರಿವೆ.

ಹಿನ್ನೆಲೆ

ನಾಸಿಕದಲ್ಲಿ ಜನಿಸಿದ ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಅವರು ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರರು, ಭರತನಾಟ್ಯ ಕಲಿತವರು. 'ಅಂತರಾಗ್ನಿ' ಮೊದಲಿಗೆ ಅವರ ವಾದ್ಯತಂಡದ ಹೆಸರಾಗಿತ್ತು. ಆ ತಂಡ ಚದುರಿದ ಮೇಲೆ ಕಲಾವಿದರು ಬಂದು ಹೋಗಬಹುದಾದ ಮುಕ್ತ ಕೂಟವಾಗಿ 'ಪ್ರಾಜೆಕ್ಟ್' ರೂಪುಗೊಂಡಿತು.

ಸಂಗೀತ

ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಆಲ್ಬಮಿನ ಕನ್ನಡ ಭಾಗದ ಮುಖ್ಯ ರಚನೆ. ಸಿ. ಅಶ್ವಥ್ ಅವರ ಗಾಯನ ಮತ್ತು 1990ರ 'ಸಂತ ಶಿಶುನಾಳ ಶರೀಫ' ಚಲನಚಿತ್ರದ ಮೂಲಕ ಶರೀಫರ ತತ್ವಪದಗಳು ಅದಾಗಲೇ ಮನೆಮಾತಾಗಿದ್ದವು. ಗಿಟಾರ್, ಡ್ರಮ್ಸ್ ಮತ್ತು ಪಿಟೀಲಿನ ನಡುವೆ ಪದದ ಲಯವನ್ನು ಕೆಡಿಸದೆ ಹಾಡಿರುವುದು ಇಲ್ಲಿನ ಸಾಧನೆ. ಅನುಭಾವದ ಒಳಾರ್ಥಕ್ಕಿಂತ ಲಯದ ಉಲ್ಲಾಸವೇ ಇಲ್ಲಿ ಮುಂದಾಗುತ್ತದೆಂಬ ಆಕ್ಷೇಪಕ್ಕೂ ಅವಕಾಶವಿದೆ.

ಸ್ವೀಕಾರ

ಭಾರತದ ಹೊರಗೆ ಆಲ್ಬಮ್ ಹೆಚ್ಚು ಪ್ರಚಾರ ಪಡೆದದ್ದು ಬಿಡುಗಡೆಯಾದ ಎರಡು ವರ್ಷಗಳ ನಂತರ. 2010ರಲ್ಲಿ ಬಿಬಿಸಿಯ 'ಲೇಟರ್... ವಿತ್ ಜೂಲ್ಸ್ ಹಾಲಂಡ್' ಕಾರ್ಯಕ್ರಮದಲ್ಲಿ ತಂಡ ಹಾಡಿತು. ಅದರ ಬೆನ್ನಿಗೇ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಆಲ್ಬಮ್ ಮೊದಲ ಸ್ಥಾನಕ್ಕೇರಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ ದೊರೆಯಿತು. ಲುಂಗಿ ಮತ್ತು ಗೆಜ್ಜೆಯ ವೇಷಕ್ಕೂ ಈ ಮನ್ನಣೆಯಲ್ಲಿ ಪಾಲಿರಬಹುದು. ಎರಡನೆಯ ಆಲ್ಬಮ್ 'ಜಗ್ ಚಂಗಾ' 2013ರಲ್ಲಿ ಬಂದಿತು ('ಚಂಗಾ' ಎಂದರೆ ಪಂಜಾಬಿಯಲ್ಲಿ ಒಳ್ಳೆಯದು). ಶರೀಫರ 'ಲೋಕದ ಕಾಳಜಿ' ಅದರಲ್ಲಿದೆ.

ಮಂಡ್ಯ ಸೀಮೆಯ ಸಂದರ್ಭ

ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಕೇಳುಗರಿಗೆ ಈ ಗಾಯಕನ ಧ್ವನಿ ಹತ್ತಿರವಾದದ್ದು ಆಲ್ಬಮಿಗಿಂತ ಹೆಚ್ಚಾಗಿ ಅದೇ 2008ರ 'ಸೈಕೋ' ಚಲನಚಿತ್ರದ 'ನಿನ್ನ ಪೂಜೆಗೆ ಬಂದೆ ಮಹದೇಶ್ವರ' ಹಾಡಿನ ಮೂಲಕ ಎನ್ನಬಹುದು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಮದ್ದೂರಿನಿಂದ ಮಳವಳ್ಳಿ, ಕೊಳ್ಳೇಗಾಲ, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟ ಸೇರುವ ದಾರಿ ಪರಸೆಯ ದಾರಿ. ಮಹದೇಶ್ವರನ ಕಾವ್ಯವನ್ನು ಕಂಸಾಳೆಯ ದೇವರಗುಡ್ಡರೂ, ಮಂಟೇಸ್ವಾಮಿ ಕಾವ್ಯವನ್ನು ತಂಬೂರಿಯ ನೀಲಗಾರರೂ ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಮಂಟೇಸ್ವಾಮಿಯ ಗದ್ದುಗೆಯಿರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನಲ್ಲಿಯೇ ಇದೆ. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ಕ್ಯಾಸೆಟ್ಟುಗಳು ಈ ಕಥನಗಳನ್ನು ಜಾತ್ರೆಯ ಅಂಗಡಿಗಳಿಗೂ ಟ್ರ್ಯಾಕ್ಟರುಗಳಿಗೂ ತಲುಪಿಸಿದ್ದವು. ರಾಕ್ ಶೈಲಿಯ ಮಹದೇಶ್ವರ ಇಲ್ಲಿ ಅಪರಿಚಿತನಾಗಲು ಸಾಧ್ಯವೇ ಇರಲಿಲ್ಲ.

ಹಕ್ಕಿನ ಪ್ರಶ್ನೆ

ಇಂಥ ಮರುರಚನೆಗಳು ಎಬ್ಬಿಸುವ ನಿಜವಾದ ಚರ್ಚೆ ಶೈಲಿಯದಲ್ಲ, ಹಣದ್ದು. ಶರೀಫರು 1889ರಲ್ಲಿ ನಿಧನರಾದುದರಿಂದ ಅವರ ಪದಗಳು ಸಾರ್ವಜನಿಕ ಸ್ವತ್ತು. ಯಾರೂ ಅನುಮತಿ ಬೇಡಬೇಕಿಲ್ಲ. ಮೌಖಿಕ ಕಾವ್ಯಕ್ಕೆ ಒಬ್ಬ ಕರ್ತೃವೇ ಇಲ್ಲ. ಆದರೆ ಅದೇ ಪದವನ್ನು ಧ್ವನಿಮುದ್ರಿಸಿದ ಕೂಡಲೇ ಆ ಮುದ್ರಣಕ್ಕೆ 60 ವರ್ಷಗಳ ಹಕ್ಕು ಹುಟ್ಟುತ್ತದೆ, ಅದು ಸಾಮಾನ್ಯವಾಗಿ ನಿರ್ಮಾಪಕನದು. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಪ್ರದರ್ಶನವನ್ನು ವಾಣಿಜ್ಯಕ್ಕೆ ಬಳಸಿದಾಗ ಕಲಾವಿದನಿಗೆ ಗೌರವಧನದ ಹಕ್ಕನ್ನು ಮಾನ್ಯ ಮಾಡಿತು. ನಗರದ ಗಾಯಕನಿಗೆ ಕರಾರುಪತ್ರ ಓದಿ ಹೇಳುವವರಿರುತ್ತಾರೆ. ರಾತ್ರಿಯಿಡೀ ಕಥೆ ಹಾಡಿ ಒಂದೇ ಕಂತಿನ ಸಂಭಾವನೆ ಪಡೆದು ಊರಿಗೆ ಮರಳುವ ನೀಲಗಾರನಿಗೆ ಆ ಅನುಕೂಲವಿಲ್ಲ. ಅವನು ಉಳಿಸಿಕೊಟ್ಟ ಧಾಟಿ ಹೊಸ ಹಾಡಿನಲ್ಲಿ ಕೇಳಿಸಿದರೂ ಧಾಟಿಗೆ ಬೆಲೆ ಕಟ್ಟುವ ಕಲಮು ಕಾಯ್ದೆಯಲ್ಲಿಲ್ಲ.